ಊರಿಲ್ಲದ ತಂಡದ ಉದಾರ ಮಾಲೀಕರು

ಅಮೆರಿಕದ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಮಾಲೀಕರಾದ ಜಾನ್ ಫಿಷರ್ ಅವರು 2025ರ ಡಿಸೆಂಬರಿನಲ್ಲಿ ಟೈಲರ್ ಸೋಡರ್‌ಸ್ಟ್ರಾಮ್ ಎಂಬ ತರುಣನಿಗೆ ಏಳು ವರ್ಷಗಳ ಮಟ್ಟಿಗೆ 8.6 ಕೋಟಿ ಡಾಲರ್ ಬರೆದುಕೊಟ್ಟರು. ತಂಡದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಒಪ್ಪಂದ ಅದುವರೆಗೆ ಆಗಿರಲಿಲ್ಲವಾದ್ದರಿಂದ, ಇನ್ನು ಮುಂದೆ ಫಿಷರ್ ಅವರನ್ನು ಜಿಪುಣರೆನ್ನುವವರ ನಾಲಿಗೆ ಬಿದ್ದುಹೋಗಬೇಕೆಂದು ಪಂಡಿತರು ತೀರ್ಪು ಕೊಟ್ಟಿದ್ದಾರೆ. ನಾವೂ ಕೈಮುಗಿಯೋಣ.

ಈ ದಾನಗುಣ ಮೊಳೆತದ್ದು ಅದಕ್ಕೂ ಒಂದು ವರ್ಷ ಮೊದಲು, 2024ರ ಚಳಿಗಾಲದಲ್ಲಿ. ಲೂಯಿಸ್ ಸೆವೆರಿನೊ ಎಂಬ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ಮೂರು ವರ್ಷಕ್ಕೆ 6.7 ಕೋಟಿ ಡಾಲರ್ ಕೊಟ್ಟರು, ಟ್ಯಾಂಪಾ ಬೇ ತಂಡದಿಂದ ಜೆಫ್ರಿ ಸ್ಪ್ರಿಂಗ್ಸ್‌ನನ್ನು ಕರೆತಂದರು, ಬ್ರೆಂಟ್ ರೂಕರ್‌ಗೆ 6 ಕೋಟಿ, ಲಾರೆನ್ಸ್ ಬಟ್ಲರ್‌ಗೆ 6.55 ಕೋಟಿ ಎಂದು ಕೈ ಎತ್ತಿ ಕೊಡುತ್ತಲೇ ಹೋದರು. ಇದೇ ಮಹನೀಯರು 2022ರ ವಸಂತದಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಕ್ರಿಸ್ ಬ್ಯಾಸಿಟ್, ಶಾನ್ ಮನಾಯಾ ಎಂಬ ನಾಲ್ವರನ್ನು ಒಬ್ಬರ ಹಿಂದೊಬ್ಬರಂತೆ ಬೇರೆ ತಂಡಗಳಿಗೆ ಸಾಗಹಾಕಿ, ಆ ವರ್ಷ 102 ಪಂದ್ಯಗಳನ್ನೂ ಮರುವರ್ಷ 112 ಪಂದ್ಯಗಳನ್ನೂ ಸೋತಿದ್ದರು ಎಂಬುದನ್ನು ನೆನಪಿಸುವವರು ಶುಭಕಾರ್ಯದಲ್ಲಿ ಸೀನುವವರು.

ಹೃದಯ ಪರಿವರ್ತನೆಗೆ ಕಾರಣವಿದೆ, ಮತ್ತು ಅದು ಕಾಗದದ ಮೇಲಿದೆ. ಸಿರಿವಂತ ತಂಡಗಳ ಆದಾಯದಲ್ಲಿ ಪಾಲು ಪಡೆಯುವ ಬಡ ತಂಡವು, ಪಡೆದ ಪಾಲಿನ ಒಂದೂವರೆ ಪಟ್ಟಿಗಿಂತ ಹೆಚ್ಚನ್ನು ಆಟಗಾರರ ಸಂಬಳಕ್ಕೆ ಖರ್ಚು ಮಾಡಬೇಕೆಂದು ಆಟಗಾರರ ಸಂಘದೊಡನೆ ಆದ ಒಪ್ಪಂದ ಹೇಳುತ್ತದೆ. ಈ ತಂಡಕ್ಕೆ ಬರುವ ಪಾಲು ಸುಮಾರು 7 ಕೋಟಿ ಡಾಲರ್ ಎಂದೂ, ಹಾಗಾಗಿ ಸಂಬಳಪಟ್ಟಿ 10.5 ಕೋಟಿಯ ಆಸುಪಾಸಿಗೆ ಏರಲೇಬೇಕೆಂದೂ ಆ ಚಳಿಗಾಲದಲ್ಲಿ ಎಲ್ಲೆಡೆ ವರದಿಯಾಗಿತ್ತು. ಏರದಿದ್ದರೆ ಸಂಘ ತಕರಾರು ಹೂಡುತ್ತದೆ. ನೆರೆಮನೆಯವರ ಅಕ್ಕಿಯಲ್ಲಿ ಅನ್ನಸಂತರ್ಪಣೆ ಮಾಡಿ ಫಲಕದ ಮೇಲೆ ತಮ್ಮ ಹೆಸರು ಕೆತ್ತಿಸಿಕೊಳ್ಳುವವರನ್ನು ನಾವೂ ಕಂಡಿದ್ದೇವೆ.

ಇಷ್ಟು ದುಬಾರಿ ಪಿಚರ್ ಚೆಂಡೆಸೆಯುವ ಜಾಗವನ್ನು ಸ್ವಲ್ಪ ನೋಡಬೇಕು. ಓಕ್‌ಲೆಂಡ್ ಬಿಟ್ಟ ತಂಡ ಲಾಸ್ ವೇಗಸ್ ಸೇರುವವರೆಗೆ ತಂಗಿರುವ, ವೆಸ್ಟ್ ಸ್ಯಾಕ್ರಮೆಂಟೊದ ಸಟರ್ ಹೆಲ್ತ್ ಪಾರ್ಕ್ ಕಿರಿಯರ ಲೀಗ್‌ನ ಮೈದಾನ; ಅಲ್ಲಿ ಹಿಡಿಸುವುದು ಸುಮಾರು 14,000 ಜನ; ಅದರ ಹಳೆಯ ಒಕ್ಕಲು ರಿವರ್ ಕ್ಯಾಟ್ಸ್ ಎಂಬ, ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಮರಿತಂಡ. ಬೇಸಿಗೆಯ ಝಳಕ್ಕೆ ಕಾದು ಕಾವಲಿಯಾಗುತ್ತದೆಂದು ಆಟಗಾರರು ಅಂಜಿದ್ದರಿಂದ ಕೃತಕ ಹುಲ್ಲು ಹಾಸುವ ಯೋಜನೆಯನ್ನು ಕೈಬಿಟ್ಟದ್ದು ಅಲ್ಲಿನ ಒಂದೇ ವಿವೇಕದ ಕೆಲಸ. ಆಟಗಾರರ ಕೊಠಡಿಗಳು ಎಡಗಡೆಯ ಔಟ್‌ಫೀಲ್ಡ್ ಗೋಡೆಯಾಚೆ ಇರುವುದರಿಂದ, ಪಂದ್ಯದ ನಡುವೆ ಬೆವರು ಒರೆಸಿಕೊಂಡು ತಂಪಾಗೋಣವೆಂದರೆ ಕೋಟ್ಯಧೀಶ ಪಿಚರ್ ಪ್ರೇಕ್ಷಕರೆದುರು ಮೈದಾನವನ್ನೇ ದಾಟಿ ನಡೆಯಬೇಕು. ಇಲ್ಲಿ ಆಡುವುದೆಂದರೆ ವಸಂತದ ಅಭ್ಯಾಸ ಪಂದ್ಯ ಆಡಿದಂತಿದೆ ಎಂದು ಸೆವೆರಿನೊ ಬಾಯಿಬಿಟ್ಟೇ ಹೇಳಿದ. 2025ರಲ್ಲಿ ಅವನು ತವರಿನಲ್ಲಿ ಏಟು ತಿಂದು ಹಣ್ಣಾಗಿ, ಪರಸ್ಥಳದಲ್ಲಿ ಸೊಗಸಾಗಿ ಎಸೆದ.

ಆದರೆ ತವರು ಯಾವುದು? ತಂಡದ ಹೆಸರಿನಲ್ಲಿ ಊರಿಲ್ಲ, ಬರಿಯ ಅಥ್ಲೆಟಿಕ್ಸ್. ಅಂಗಿಯ ಒಂದು ತೋಳಿನ ಮೇಲೆ ಲಾಸ್ ವೇಗಸ್, ಇನ್ನೊಂದರ ಮೇಲೆ ಸ್ಯಾಕ್ರಮೆಂಟೊ. 1954ರವರೆಗೆ ಫಿಲಡೆಲ್ಫಿಯಾ, ಆಮೇಲೆ ಕಾನ್ಸಾಸ್ ಸಿಟಿ, 1968ರಿಂದ 2024ರವರೆಗೆ ಓಕ್‌ಲೆಂಡ್. ನಡುವೆ 2006ರಲ್ಲಿ ಓಕ್‌ಲೆಂಡಿನ ಹತ್ತಿರದ, ನಮ್ಮ ಕನ್ನಡಿಗರು ಕಿಕ್ಕಿರಿದಿರುವ ಫ್ರೀಮಾಂಟಿಗೂ ಬರುತ್ತೇವೆಂದು ನಕ್ಷೆ ತೋರಿಸಿ, 2009ರಲ್ಲಿ ನಕ್ಷೆ ಮಡಚಿಕೊಂಡು ಹೋದರು. ಬಂದಿದ್ದರೆ ಇಡ್ಲಿ ಹೋಟೆಲುಗಳ ಪಕ್ಕದಲ್ಲೇ, ಚೆಂಡು ಬೇಲಿ ದಾಟಿ ಹಾರುವ ಹೋಮ್ ರನ್ ನೋಡುವ ಭಾಗ್ಯ ನಮ್ಮವರದಾಗುತ್ತಿತ್ತು. ಆಮೇಲೆ ಕೈಬಿಟ್ಟು ಹೋದ ದುಃಖವೂ.

ಅಭಿಮಾನಿಯಾಗಿ ನ್ಯಾಯ ಹೇಳುವುದಾದರೆ, ಬ್ಯಾಟಿಂಗ್ ನಿಜಕ್ಕೂ ಚೆನ್ನಾಗಿದೆ. ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಬಾರಿಸಿದ ನಿಕ್ ಕರ್ಟ್ಜ್ 2025ರಲ್ಲಿ ಅಮೆರಿಕನ್ ಲೀಗ್‌ನ ಶ್ರೇಷ್ಠ ಹೊಸಬನೆನಿಸಿದ. ಜೇಕಬ್ ವಿಲ್ಸನ್, ರೂಕರ್, ಸೋಡರ್‌ಸ್ಟ್ರಾಮ್ ಜೊತೆಗಿದ್ದಾರೆ. ಸೊರಗಿರುವುದು ಪಿಚಿಂಗ್, ಆ ವರ್ಷದ 86 ಸೋಲುಗಳಿಗೆ ಅದೇ ಮುಖ್ಯ ಕಾರಣ. ಆ ಕೊರತೆಯನ್ನು ನೀಗಿಸಲೆಂದೋ ಏನೋ, ಗಂಟೆಗೆ ನೂರು ಮೈಲಿ ದಾಟಿಸಿ ಎಸೆಯುವ ಮೇಸನ್ ಮಿಲ್ಲರ್‌ನನ್ನು ಜುಲೈ ಕೊನೆಯಲ್ಲಿ ಸ್ಯಾನ್ ಡಿಯೇಗೊ ತಂಡಕ್ಕೆ ಒಪ್ಪಿಸಿ, ಹದಿನೆಂಟರ ಹುಡುಗ ಲಿಯೊ ಡಿ ವ್ರೀಸ್ ಮತ್ತಿತರರನ್ನು ತಂದುಕೊಂಡರು. ವೇಗಸ್‌ನ ಮೈದಾನ 2028ಕ್ಕೆ ಸಿದ್ಧವಾಗಬೇಕು, ಹುಡುಗರೂ ಅಷ್ಟರಲ್ಲಿ ಹದವಾಗುತ್ತಾರೆ. ಲೆಕ್ಕ ಸರಿಯಾಗಿದೆ.

ಲೆಕ್ಕ ಯಾವಾಗಲೂ ಸರಿಯಾಗಿಯೇ ಇತ್ತು. ಹಾಗಾಗಿಯೇ ಹೊಗಳಿಕೆ ಗಂಟಲಲ್ಲಿ ಇಳಿಯುತ್ತಿಲ್ಲ. ಚರಂಡಿ ನೀರು ಉಕ್ಕಿದ, ವೀಕ್ಷಕ ವಿವರಣೆಯ ಕೋಣೆಯಲ್ಲಿ ಪೊಸಮ್ ಎಂಬ ಕಾಡುಪ್ರಾಣಿ ಸಂಸಾರ ಹೂಡಿದ ಓಕ್‌ಲೆಂಡ್ ಕೊಲಿಸಿಯಂಗೆ 2023ರ ಜೂನ್ 13ರಂದು 27,759 ಜನ ಬಂದು, ತಂಡವನ್ನು ಮಾರಿಬಿಡಿ ಎಂದು ಫಿಷರ್ ಅವರಿಗೆ ಕೂಗಿ ಹೇಳಿದರು. ಕೊನೆಯ ಪಂದ್ಯಕ್ಕೆ 46,889 ಜನ ಬಂದರು. ನಿಮ್ಮ ಊರಿನಲ್ಲಿ ಜನ ಬರುವುದಿಲ್ಲ ಎಂದು ಅವರಿಗೇ ದೂರಿ, ನೆವಾಡಾ ರಾಜ್ಯದಿಂದ 38 ಕೋಟಿ ಡಾಲರ್‌ವರೆಗಿನ ಸಾರ್ವಜನಿಕ ಹಣದ ಭರವಸೆ ಹಿಡಿದು ಹೊರಟವರು ಇವರು. ಓಲ್ಸನ್ 2023ರಲ್ಲಿ ಅಟ್ಲಾಂಟಾ ಪರವಾಗಿ 54 ಹೋಮ್ ರನ್ ಹೊಡೆದ. ಅವನನ್ನು ಉಳಿಸಿಕೊಳ್ಳಲು ಹಣವಿಲ್ಲ ಎಂದು ಓಕ್‌ಲೆಂಡಿನವರು ನಂಬಬೇಕಾಗಿತ್ತು. ಹಣವಿತ್ತು. ಅವರಿಗಾಗಿ ಖರ್ಚು ಮಾಡುವ ಮನಸ್ಸಿರಲಿಲ್ಲ.