ಒಂದು ಟ್ರಂಪೆಟ್, ಹತ್ತು ಬಾಯಿ

ನಮ್ಮ ಮನೆಯಲ್ಲಿ ಟ್ರಂಪೆಟ್ ಇರುವುದು ಒಂದೇ. ಅದಕ್ಕೆ ಬಾಯಿ ಮಾತ್ರ ರಾವಣನಷ್ಟು. ನಿನ್ನೆ ಹನ್ನೊಂದನೆಯದು ಬಂದು ರಾವಣನನ್ನೂ ಹಿಂದೆ ಹಾಕಿತು.

ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಕೊರಿಯರ್ ಹುಡುಗ ಬೆಲ್ ಒತ್ತಿದ. ಅಂಗೈಯಗಲದ ಡಬ್ಬಿ. "ಮೇಡಂ, ಕಸ್ಟಮ್ಸ್ ಡ್ಯೂಟಿ ಕಟ್ಬೇಕು. ಸಾರ್ ಫೋನ್ ತೆಗೀತಿಲ್ಲ." ಸಾರ್ ಯಾಕೆ ತೆಗೀತಾರೆ? ಪಾರ್ಸೆಲ್ ಬರುವ ದಿನ ಇವರ ಫೋನ್ ಯಾವಾಗಲೂ ಸೈಲೆಂಟಿನಲ್ಲೇ ಇರುತ್ತದೆ. ತರಕಾರಿಗೆ ಇಟ್ಟಿದ್ದ ದುಡ್ಡನ್ನು ಎಣಿಸಿ ಕೊಟ್ಟು, ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ಮತ್ತದೇ, ಟ್ರಂಪೆಟ್ಟಿಗೆ ಸಿಕ್ಕಿಸಿ ತುಟಿ ಇಟ್ಟು ಊದುವ ಪುಟ್ಟ ಲೋಹದ ಬಟ್ಟಲಿನ ಮೌತ್‌ಪೀಸು. ಹೋದ ಸಲ ಬಂದಿದ್ದರ ಪಕ್ಕ ಇಟ್ಟು, ಕನ್ನಡಕ ಹಾಕಿಕೊಂಡು, ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಏನೂ ವ್ಯತ್ಯಾಸ ಇಲ್ಲ. ಸಂಜೆ ಇವರು ಬಂದು ಅದನ್ನು ನೋಡಿ, "ಅಯ್ಯೋ, ಪೂರ್ತಿ ಬೇರೆ ಕಣೇ!" ಅಂದರು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಇವರು ಸ್ಕೂಲಿನ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಿದ್ದರು. ಆಮೇಲೆ ಓದು, ಕೆಲಸ, ಮದುವೆ, ಮನೆ ಸಾಲ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಅಟ್ಟದ ಮೇಲಿದ್ದ ಪೆಟ್ಟಿಗೆ ಕೆಳಗಿಳಿಯಿತು. ಬೇರೆಯವರ ಗಂಡಂದಿರು ಈ ವಯಸ್ಸಿಗೆ ಬೈಕ್ ತಗೊಂಡು ಲಡಾಖಿಗೆ ಹೋಗುತ್ತಾರೆ. ಇವರು ಹಾಗೇನೂ ಮಾಡಲಿಲ್ಲ, ಪುಣ್ಯ. ಭಾನುವಾರ ಸಂಜೆ ನಾಲ್ಕೈದು ಜನ ಗೆಳೆಯರು ಸೇರಿ ಹಳೇ ಸಿನಿಮಾ ಹಾಡು ನುಡಿಸುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಚಪ್ಪಾಳೆ ತಟ್ಟಿಕೊಂಡು ಸುಮ್ನೆ ಇರುತ್ತಿದ್ದೆ. ಯಾರೋ ಒಬ್ಬರು "ನಿಮ್ಮ ಮೌತ್‌ಪೀಸ್ ಯಾವ್ದು?" ಅಂತ ಕೇಳಿದ್ದೇ ನಮ್ಮ ಮನೆ ಕೆಟ್ಟಿತು.

ಟ್ರಂಪೆಟ್ ಕೊಂಡರೆ ಅದರ ಜೊತೆಗೆ ಸಾಮಾನ್ಯವಾಗಿ 7ಸಿ ಅಂತ ಒಂದು ಮೌತ್‌ಪೀಸ್ ಬರುತ್ತದೆ. ಬಾಕ್ ಕಂಪನಿಯ ನಂಬರು ಅದು. ಇದರ ರಿಮ್ಮಿನ, ಅಂದರೆ ತುಟಿ ತಾಗುವ ಅಂಚಿನ, ಒಳಗಿನ ಅಗಲ 16.20 ಮಿಲಿಮೀಟರ್. ಇದು ಕಲಿಯುವವರಿಗೆ, ದೊಡ್ಡವರು 3ಸಿ ಊದಬೇಕು ಅಂತ ಒಂದು ಮಾತಿದೆ. 3ಸಿ ಅಗಲ ಎಷ್ಟು? 16.30. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕೂದಲೆಳೆಯ ಅಂತರ ಅಂತೀವಲ್ಲ, ನಿಜವಾಗಿಯೂ ಅಷ್ಟೇ. ಆ ಕೂದಲೆಳೆಗೆ ನಾನು ಡ್ಯೂಟಿ ಕಟ್ಟಿದ್ದೇನೆ.

ಇನ್ನು ನಂಬರಿನ ಕತೆ. ಬಳೆ ಅಂಗಡಿಯಲ್ಲಿ ನನಗೆ ಎರಡು-ಆರು ಸೈಜು, ನಮ್ಮತ್ತೆಗೆ ಎರಡು-ಎಂಟು. ನಂಬರು ದೊಡ್ಡದಾದರೆ ಬಳೆ ದೊಡ್ಡದು. ಯಾವ ಬಳೆಗಾರನೂ ಇದರಲ್ಲಿ ಮೋಸ ಮಾಡಿದ್ದಿಲ್ಲ. ಬಾಕ್ ಮೌತ್‌ಪೀಸಿನಲ್ಲಿ ಎಲ್ಲ ಉಲ್ಟಾ. ಒಂದೂವರೆ ಸಿ ಅಂದರೆ ದೊಡ್ಡದು, ಹತ್ತೂವರೆ ಸಿ ಅಂದರೆ ಚಿಕ್ಕದು. ಮುಂದಿನ ಅಕ್ಷರ ಬಟ್ಟಲಿನ ಆಳಕ್ಕೆ. 'ಎ' ಅಂದರೆ ಆಳ, 'ಇ' ಅಂದರೆ ತೆಳು. ಸರಿ, ಅರ್ಥ ಆಯ್ತು ಅಂದುಕೊಳ್ಳುವಷ್ಟರಲ್ಲಿ ಶಿಲ್ಕಿ ಕಂಪನಿಯದು ಬಂತು. ಅಲ್ಲಿ ನಂಬರು ದೊಡ್ಡದಾದರೆ ಮೌತ್‌ಪೀಸೂ ದೊಡ್ಡದು, 'ಎ' ಅಂದರೆ ತೆಳು, 'ಇ' ಅಂದರೆ ಆಳ. ಶಿಲ್ಕಿಯವರು ಯಮಹಾ ಕಂಪನಿಗೂ ಸಲಹೆ ಕೊಟ್ಟಿದ್ದರಂತೆ. ಹಾಗಾಗಿ ಯಮಹಾದ್ದೂ ಅದೇ ದಿಕ್ಕು. ಅಂದರೆ ಅಮೆರಿಕದ ಒಂದು ಅಂಗಡಿಯಲ್ಲಿ ಕಡಿಮೆ ನಂಬರು ಕೇಳಿದವನು ದೊಡ್ಡದು ತಂದ, ಇನ್ನೊಂದರಲ್ಲಿ ಕೇಳಿದವನು ಚಿಕ್ಕದು ತಂದ. ನಮ್ಮ ಮನೆಯಲ್ಲಿ ಎರಡೂ ಇದೆ.

ಇದನ್ನೆಲ್ಲ ಶುರು ಮಾಡಿದ ಪುಣ್ಯಾತ್ಮ ವಿನ್ಸೆಂಟ್ ಬಾಕ್. ವಿಯೆನ್ನಾ ಕಡೆಯವನು, ಇಂಜಿನಿಯರಿಂಗ್ ಓದಿಕೊಂಡು ಟ್ರಂಪೆಟ್ ಊದಲು ಅಮೆರಿಕಕ್ಕೆ ಹೋದವನು. ಊರೂರು ತಿರುಗುವಾಗ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ರಿಪೇರಿಯವನಿಗೆ ಮೌತ್‌ಪೀಸ್ ಕೊಟ್ಟನಂತೆ. ಆತ ಅದನ್ನು ಕೆಡಿಸಿಟ್ಟ. ಸಿಟ್ಟು ಬಂದು, ತಾನೇ ಮಾಡಿಕೊಳ್ಳುತ್ತೇನೆ ಅಂತ 1918ರಲ್ಲಿ 300 ಡಾಲರ್ ಕೊಟ್ಟು ಕಾಲಲ್ಲಿ ತುಳಿಯುವ ಲೇತ್ ತಂದು ಕೂತ. ಆ ರಿಪೇರಿಯವನು ಆವತ್ತು ಸ್ವಲ್ಪ ನಿಗಾ ಇಟ್ಟು ಕೆಲಸ ಮಾಡಿದ್ದರೆ ನೂರು ವರ್ಷದ ಮೇಲೆ ನನ್ನ ತರಕಾರಿ ದುಡ್ಡು ಉಳಿಯುತ್ತಿತ್ತು.

ಹೊಸ ಮೌತ್‌ಪೀಸ್ ಬಂದ ಮೊದಲ ಕೆಲವು ದಿನಕ್ಕೆ ಟ್ರಂಪೆಟ್‌ನವರು ಹನಿಮೂನ್ ಅನ್ನುತ್ತಾರೆ. ನಮ್ಮದು ಮಡಿಕೇರಿಯಲ್ಲಿ ಎರಡೂವರೆ ದಿನಕ್ಕೆ ಮುಗಿದಿತ್ತು, ಮಳೆ ಬೇರೆ. ಇವರ ಮೌತ್‌ಪೀಸಿನದು ಒಂದು ವಾರ ನಡೆಯುತ್ತದೆ. ಮೊದಲ ದಿನ: "ಇದೇ ಕಣೇ, ಇಷ್ಟು ವರ್ಷ ಹುಡುಕ್ತಿದ್ದಿದ್ದು ಇದನ್ನೇ." ನಾಲ್ಕನೇ ದಿನ: "ಮೇಲಿನ ಸ್ವರ ಸಲೀಸಾಗಿ ಬರ್ತಿದೆ, ಆದ್ರೆ ನಾದ ಸ್ವಲ್ಪ ತೆಳು." ಒಂಬತ್ತನೇ ದಿನ: "ರಿಮ್ಮು ಚೂಪು." ಆಮೇಲೆ ಅದು ಸಾಕ್ಸ್ ಸೇರುತ್ತದೆ. ಹೌದು, ಸಾಕ್ಸ್. ಒಂದಕ್ಕೊಂದು ತಾಗಿ ಗೀರು ಬೀಳಬಾರದು ಅಂತ ಒಂದೊಂದನ್ನೂ ಒಂದೊಂದು ಕಾಲುಚೀಲದಲ್ಲಿ ಹಾಕಿ ಇಡುತ್ತಾರೆ. ಆಫೀಸಿಗೆ ಹೋಗುವಾಗ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ. ಒಂದು ಸಲ ನೋಡದೆ ವಾಷಿಂಗ್ ಮಷೀನಿಗೆ ಹಾಕಿದೆ. ಆ ಸದ್ದಿಗೆ ಕೆಳಗಿನ ಮನೆಯ ಅಂಕಲ್ ಓಡಿ ಬಂದರು. ಟ್ರಂಪೆಟ್ ಸದ್ದಿಗೆ ಅವರು ಬರುವುದನ್ನು ಯಾವತ್ತೋ ಬಿಟ್ಟಿದ್ದಾರೆ.

ಪ್ರತಿ ಸಲಕ್ಕೂ ಒಬ್ಬ ದೊಡ್ಡ ಟ್ರಂಪೆಟ್ ವಾದಕನ ಸಾಕ್ಷಿ ಇರುತ್ತದೆ. ಮೈಲ್ಸ್ ಡೇವಿಸ್ ಹೈಮ್ ಅನ್ನುವ ಮೌತ್‌ಪೀಸ್ ಊದುತ್ತಿದ್ದ, ಹ್ಯಾರಿ ಜೇಮ್ಸ್ ಎರಡು ಬಟ್ಟಲಿನ ಪಾರ್ಡುಬಾ ಊದುತ್ತಿದ್ದ, ಹೀಗೆ. ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದ ಅಡಾಲ್ಫ್ ಹರ್ಸೆತ್ ಅಂತ ಒಬ್ಬರು. 1948ರಿಂದ 2001ರವರೆಗೆ ಒಂದೇ ಕುರ್ಚಿಯಲ್ಲಿ ಕೂತು ನುಡಿಸಿದವರು. 1952ರಲ್ಲಿ ಕಾರ್ ಅಪಘಾತವಾಗಿ ತುಟಿ, ಹಲ್ಲು ಎಲ್ಲ ಪೆಟ್ಟಾಗಿ, ಆಮೇಲೆ ದೊಡ್ಡ ಮೌತ್‌ಪೀಸಿಗೆ ಹೋದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಅವರ ನಾದ ಕೇಳಿದವರೆಲ್ಲ, ಅಪಘಾತ ಇಲ್ಲದೆಯೇ, ದೊಡ್ಡದರ ಹಿಂದೆ ಬಿದ್ದರು. ಇವರೂ ಆ ಸಾಲಿನಲ್ಲಿ ನಿಂತು ಒಂದೂವರೆ ಸಿ ತರಿಸಿದರು. ಊದಿ ಊದಿ ತಲೆ ಸುತ್ತು ಬಂದು ಸೋಫಾದಲ್ಲಿ ಮಲಗಿದ್ದಾಗ ನಾನೇ ನಿಂಬೆಹಣ್ಣಿನ ಪಾನಕ ಮಾಡಿ ಕೊಟ್ಟೆ.

ಆಮೇಲೆ ಗಾಳಿ ತಿರುಗಿತು. ಮೇನಾರ್ಡ್ ಫರ್ಗುಸನ್ ಬಂದ. ಕಿವಿಗೆ ಸೂಜಿ ಚುಚ್ಚಿದ ಹಾಗೆ ಮೇಲಿನ ಸ್ವರ ಹಿಡಿಯುತ್ತಿದ್ದ ಕೆನಡಾದವನು. 1960ರ ದಶಕದ ಕೊನೆಯಲ್ಲಿ ಚಿಂತಾಮಣಿ ದಾಟಿ ಹೋದರೆ ಸಿಗುವ ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಸ್ಕೂಲಿನಲ್ಲಿ ಪಾಠ ಮಾಡಿದ್ದನಂತೆ. "ಇಲ್ಲೇ ಪಕ್ಕದಲ್ಲೇ ಇದ್ದ ಕಣೇ!" ಅಂತ ಇವರು ಕೈ ಕೈ ಹಿಸುಕಿಕೊಂಡರು. ಆಗ ಇವರಿನ್ನೂ ಹುಟ್ಟಿರಲೇ ಇಲ್ಲ. ಆ ದುಃಖಕ್ಕೆ ಒಂದು ತೆಳು ಬಟ್ಟಲಿನದು ಬಂತು, ರಿಮ್ಮಿಗೆ ಚಿನ್ನದ ಲೇಪ. ಬೆಳ್ಳಿ ಲೇಪ ತುಟಿಗೆ ಅಲರ್ಜಿ ಆಗುತ್ತಂತೆ. ಅಕ್ಷಯ ತೃತೀಯಕ್ಕೆ ನನ್ನ ಕೈಗೆ ಬರದ ಚಿನ್ನ ಹೀಗೆ ಅವರ ತುಟಿಗೆ ಬಂತು. ನಾನು ಹೆಚ್ಚು ಮಾತಾಡಲಿಲ್ಲ. ಡಿಜ್ಜಿ ಗಿಲೆಸ್ಪಿ ಅನ್ನುವ ಇನ್ನೊಬ್ಬ ಟ್ರಂಪೆಟ್ ವಾದಕನ ಕತೆ ಮಾತ್ರ ನೆನಪಿಸಿದೆ. 1953ರಲ್ಲಿ ಅವನ ಹೆಂಡತಿಯ ಹುಟ್ಟುಹಬ್ಬದ ದಿನ ಯಾರೋ ಅವನ ಟ್ರಂಪೆಟ್ ಮೇಲೆ ಬಿದ್ದು ಅದು ಬಗ್ಗಿಹೋಯಿತು. "ನನ್ನ ಹುಟ್ಟುಹಬ್ಬ ಮುಂದಿನ ತಿಂಗಳು," ಅಂದೆ. ಅವತ್ತಿನಿಂದ ಟ್ರಂಪೆಟ್ ಸೋಫಾದ ಮೇಲೆ ಇಡುವುದು ನಿಂತಿದೆ.

ಹೋದ ಭಾನುವಾರ ಆಗಿದ್ದು ಕೇಳಿ. ಮೌತ್‌ಪೀಸಿಗೆ ಥ್ರೆಡ್ ಇರುವುದಿಲ್ಲ. ಒಂದು ಕಡೆ ಸಣ್ಣಗೆ ಮೊನಚಾಗಿರುತ್ತದೆ, ಕೊಳವೆಗೆ ಒತ್ತಿದರೆ ಬಿಗಿಯಾಗಿ ಕೂರುತ್ತದೆ. ಮೆಲ್ಲಗೆ ತಿರುಗಿಸಿ ಇಡಬೇಕು. ಇವರಿಗೆ ಒಂದು ಕೆಟ್ಟ ಚಟ. ಮೌತ್‌ಪೀಸ್ ಹಾಕಿ ಅದರ ಬಾಯಿಗೆ ಅಂಗೈಯಿಂದ ಟಪ್ ಟಪ್ ಅಂತ ಬಡಿಯುವುದು. ಪಾಪ್ ಅಂತ ಸದ್ದು ಬರುತ್ತೆ, ಅದೇನೋ ಖುಷಿ. ಶನಿವಾರ ರಾತ್ರಿ ಹಾಗೇ ಬಡಿದರು. ಬೆಳಿಗ್ಗೆ ನೋಡಿದರೆ ಮೌತ್‌ಪೀಸ್ ಅಲ್ಲೇ ಕಚ್ಚಿಕೊಂಡು ಕೂತಿದೆ. ಎಳೆದರೂ ಬರಲ್ಲ, ತಿರುಚಿದರೂ ಬರಲ್ಲ. ತಣ್ಣಗೆ ಮಾಡಿದರೆ ಕುಗ್ಗುತ್ತೆ ಅಂತ ಯಾರೋ ಹೇಳಿದರಂತೆ. ನಾನು ಮೊಸರು ತೆಗೆಯಲು ಫ್ರಿಜ್ ಬಾಗಿಲು ತೆಗೆದರೆ ಟ್ರಂಪೆಟ್ ಮಲಗಿದೆ. ಇಡ್ಲಿ ಹಿಟ್ಟಿನ ಪಾತ್ರೆ ಹೊರಗೆ, ಕಟ್ಟೆ ಮೇಲೆ, ಉಬ್ಬಿ ಕೆಳಗೆ ಸುರಿಯುತ್ತಿದೆ.

ಆ ಹೊತ್ತಿಗೆ ಅಡುಗೆಮನೆ ನಲ್ಲಿ ಸೋರುತ್ತೆ ಅಂತ ನಾನು ಕರೆದಿದ್ದ ಪ್ಲಂಬರ್ ಬಂದ. ಬಂದವನು ನಲ್ಲಿ ಬಿಟ್ಟು ಇವರ ಕೈಯಲ್ಲಿದ್ದದ್ದನ್ನೇ ನೋಡಿದ.

"ಏನ್ ಸಾರ್, ಟೈಟಾಗಿಬಿಟ್ಟಿದ್ಯಾ? ಅರ್ಧ ಇಂಚಿನ ಪೈಪಾ?"

ಇವರು ಗಂಭೀರವಾಗಿ, "ಪಾಯಿಂಟ್ ನಾಲ್ಕು ಐದು ಒಂಬತ್ತು ಇಂಚು," ಅಂದರು.

"ಅರ್ಧ ಇಂಚೇ ಆಯ್ತಲ್ಲ ಸಾರ್. ಥ್ರೆಡ್ ಎಲ್ಲಿದೆ?"

"ಥ್ರೆಡ್ ಇಲ್ಲಪ್ಪ."

"ಥ್ರೆಡ್ಡೇ ಇಲ್ದೆ ಹೆಂಗ್ ಸಾರ್ ನಿಲ್ಲುತ್ತೆ? ಲೀಕ್ ಆಗಲ್ವಾ? ಟೆಫ್ಲಾನ್ ಟೇಪ್ ಹಾಕ್ಬೇಕಿತ್ತು."

ಅವನು ಬ್ಯಾಗಿಗೆ ಕೈ ಹಾಕಿ ಪೈಪ್ ರೆಂಚ್ ತೆಗೆದ. ನಮ್ಮ ಮನೆಯವರು ಟ್ರಂಪೆಟ್ ಎದೆಗೆ ಅವಚಿಕೊಂಡು ಹಿಂದೆ ಹಿಂದೆ ಹೋದ ರೀತಿ ನೋಡಬೇಕಿತ್ತು. ಮಗಳನ್ನು ಮೊದಲ ಸಲ ಇಂಜೆಕ್ಷನ್ನಿಗೆ ಕರೆದುಕೊಂಡು ಹೋದಾಗಲೂ ಅವರನ್ನು ಹಾಗೆ ನೋಡಿರಲಿಲ್ಲ. ರೆಂಚಿನಲ್ಲಿ ತಿರುಚಿದರೆ ಕೊಳವೆಯ ಬೆಸುಗೆ ಕಿತ್ತು ಬರುತ್ತೆ, ಇದಕ್ಕೇ ಅಂತ ಬೇರೆ ಪುಲ್ಲರ್ ಇದೆ, ಅದು ಅಂಗಡಿಯಲ್ಲೇ ಆಗಬೇಕು, ಭಾನುವಾರ ಅಂಗಡಿ ಇಲ್ಲ, ಸಂಜೆ ಆರಕ್ಕೆ ಗೆಳೆಯರು ಬರುತ್ತಾರೆ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಆ ಉಸಿರನ್ನು ಟ್ರಂಪೆಟ್ಟಿಗೆ ಊದಿದ್ದರೆ ಅವರು ಹುಡುಕುತ್ತಿದ್ದ ಮೇಲಿನ ಸ್ವರ ಬಂದೇ ಬಿಡುತ್ತಿತ್ತು.

ಪ್ಲಂಬರ್ ಸಮಾಧಾನವಾಗಿ ಕೇಳಿಸಿಕೊಂಡ. "ಮೇಡಂ, ಲಟ್ಟಣಿಗೆ ಕೊಡಿ," ಅಂದ. ಕೊಟ್ಟೆ. ಟ್ರಂಪೆಟ್ಟಿನ ಆ ಭಾಗಕ್ಕೆ ಬಟ್ಟೆ ಸುತ್ತಿ, ಲಟ್ಟಣಿಗೆಯ ತುದಿಯಿಂದ ಕೊಳವೆ ಸುತ್ತ ಮೆಲ್ಲ ಮೆಲ್ಲಗೆ ತಟ್ಟುತ್ತಾ ಬಂದ. ಒಂದು ಸುತ್ತು. ಎರಡು ಸುತ್ತು. ಇವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಮೂರನೇ ಸುತ್ತಿಗೆ ಟುಪುಕ್ ಅಂತ ಬಂತು. ಪ್ಲಂಬರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಟೇಬಲ್ ಮೇಲಿದ್ದ ಸಾಕ್ಸ್ ಸಾಲನ್ನೂ ನೋಡಿ, "ಒಂದೇ ಪೈಪಿಗೆ ಇಷ್ಟೊಂದು ಯಾಕೆ ಸಾರ್?" ಅಂದ. ನಾನು ವರ್ಷಗಟ್ಟಲೆಯಿಂದ ಕೇಳುತ್ತಿದ್ದ ಪ್ರಶ್ನೆ. ಇವರು ಅವನನ್ನು ಕೂರಿಸಿ, ಕಾಫಿ ಕೊಡಿಸಿ, ಬಟ್ಟಲು, ಆಳ, ರಿಮ್ಮು ಎಲ್ಲ ವಿವರಿಸಿದರು. ನಲ್ಲಿ ಇನ್ನೂ ಸೋರುತ್ತಿದೆ. ಅವನಿಗೆ ಬೇರೆ ಕಡೆ ಲೇಟಾಯಿತು ಅಂತ ಹೊರಟುಹೋದ, ಟ್ರಂಪೆಟ್ಟಿಗೆ ಇನ್ನೂರು ರೂಪಾಯಿ ತಗೊಂಡು.

ಇವರನ್ನು ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ, ಅದಕ್ಕೆ ಒಂದು ಕಾರಣ ಇದೆ. ನಮ್ಮ ಬಡಾವಣೆಯ ಗಣೇಶನ ವಿಸರ್ಜನೆಗೆ ಬ್ಯಾಂಡ್ ಸೆಟ್ ಕರೆಸಿದ್ದರು. ಕೆಂಪು ಕೋಟು, ಭುಜದ ಮೇಲೆ ಬಂಗಾರದ ಬಣ್ಣದ ಕುಚ್ಚು. ಮುಂದೆ ಒಬ್ಬರು ವಯಸ್ಸಾದ ಟ್ರಂಪೆಟ್‌ನವರು, ಜನರೇಟರ್ ಗಾಡಿಯ ಗದ್ದಲದಲ್ಲೂ ಅವರದ್ದೇ ಕೇಳಿಸುತ್ತಿತ್ತು. ಮೆರವಣಿಗೆ ಟೀ ಅಂಗಡಿ ಹತ್ತಿರ ನಿಂತಾಗ ಅವರು ಮೌತ್‌ಪೀಸ್ ಕಿತ್ತು, ಜಾಡಿಸಿ, ಅಂಗಿ ಜೇಬಿಗೆ ಹಾಕಿಕೊಂಡರು. ಲೇಪ ಪೂರ್ತಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಇವರು ಬಿಡುತ್ತಾರಾ? ಹೋಗಿ, "ಯಾವ ಸೈಜು ಇದು?" ಅಂದರು.

"ಸೈಜಾ? ಇದರ ಜೊತೆಗೇ ಬಂದಿದ್ದು ಸಾರ್. ಮೀರತ್‌ದು."

ನಮ್ಮ ದೇಶದ ಬ್ಯಾಂಡ್ ಸೆಟ್ಟಿನ ವಾದ್ಯಗಳು ಬಹಳಷ್ಟು ಬರುವುದೇ ಅಲ್ಲಿಂದ. ಇವರು ತಮ್ಮ ಜೇಬಿನಿಂದ ಒಂದನ್ನು ತೆಗೆದು, ಇದನ್ನು ಇಟ್ಟುಕೊಳ್ಳಿ ಅಂತ ಕೊಟ್ಟರು. (ಗಣೇಶನನ್ನು ಕಳಿಸಲು ಬಂದವರ ಜೇಬಿನಲ್ಲಿ ಮೌತ್‌ಪೀಸ್ ಯಾಕಿತ್ತು ಅಂತ ನನ್ನನ್ನು ಕೇಳಬೇಡಿ.) ಅವರು ಹಾಕಿ ಒಂದು ಸಾಲು ಊದಿ, ಚೆನ್ನಾಗಿದೆ ಅಂತ ತಲೆಯಾಡಿಸಿ ವಾಪಸ್ ಕೊಟ್ಟರು. "ಬೇಡ ಸಾರ್. ಇದಕ್ಕೆ ತುಟಿ ಒಗ್ಗೋಷ್ಟರಲ್ಲಿ ಮದುವೆ ಸೀಸನ್ ಮುಗಿದಿರುತ್ತೆ." ಆಮೇಲೆ ಟೀ ಕುಡಿಯುತ್ತಾ, ಮುಂದಿನ ಹಲ್ಲು ಅಲ್ಲಾಡುತ್ತಿದೆ, ಮುಂದಿನ ವರ್ಷ ಡ್ರಮ್ಮಿಗೆ ಹೋಗುತ್ತೇನೆ, ಹುಡುಗರು ಇದ್ದಾರಲ್ಲ ಊದಲು ಅಂದರು. ತುಟಿಯ ಮೇಲೆ ದುಂಡಗೆ ಗುರುತು ಬಿದ್ದಿತ್ತು. ಮನೆಗೆ ಬರುವವರೆಗೂ ಇವರು ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಈಗ ಇವರದ್ದೇ ಮುಂದಿನ ಹಲ್ಲಿಗೆ ಕ್ಯಾಪ್ ಹಾಕಬೇಕು ಅಂತ ಡಾಕ್ಟರು ಹೇಳಿದ್ದಾರೆ. ಇಷ್ಟಕ್ಕೆ ಯಾರಾದರೂ ನೋವಾಗುತ್ತಾ, ಎಷ್ಟು ಖರ್ಚು ಅಂತ ಕೇಳುತ್ತಾರೆ. ಇವರು ಮೊದಲು ಈಗಿರುವ ಹಲ್ಲಿನ ಅಚ್ಚು ತೆಗೆದುಕೊಳ್ಳಿ, ಹೊಸದು ಇದೇ ಅಳತೆಗೆ ಬರಬೇಕು ಅಂದರು. ಊದುವವರು ಹಾಗೆ ಅಚ್ಚು ಮಾಡಿಸಿ ಇಡುತ್ತಾರಂತೆ, ಅದು ನಿಜವೇ. ಅಲ್ಲಿಗೆ ಬಿಡದೆ ಜೇಬಿನಿಂದ ಒಂದು ನೀಲಿ ಸಾಕ್ಸ್ ತೆಗೆದು, "ಡಾಕ್ಟ್ರೇ, ಕ್ಯಾಪ್ ಆದ ಮೇಲೆ ನನಗೆ 16.30 ಕೂರುತ್ತಾ, 16.50 ಬೇಕಾಗುತ್ತಾ?" ಅಂದರು. ಡಾಕ್ಟರು ಸಾಕ್ಸ್ ನೋಡಿದರು, ನನ್ನನ್ನು ನೋಡಿದರು. "ಮೊದಲು ಬಾಯಿ ತೆಗೀರಿ."

ಹೊರಗೆ ಬಂದ ಮೇಲೆ ಡಾಕ್ಟರು ದನಿ ತಗ್ಗಿಸಿ, "ಮೇಡಂ, ಸಾರ್ ದೊಡ್ಡ ಆರ್ಟಿಸ್ಟಾ?" ಅಂತ ಕೇಳಿದರು.

"ಇಲ್ಲ ಡಾಕ್ಟ್ರೇ, ಬ್ಯಾಂಕು," ಅಂದೆ.

ಬಿಲ್ ಮಾತ್ರ ಆರ್ಟಿಸ್ಟಿನದೇ ಬಂತು.