ಬೈಕ್ ಗಾಲಿಗೂ ಬೇಕು ಅದಿರಿನ ಪರ್ಮಿಟ್

ಪರ್ಮಿಟ್ ಇಲ್ಲದೆ ಅದಿರು ಸಾಗಿಸುವುದು ಅಪರಾಧವೆಂಬುದನ್ನು ಬಳ್ಳಾರಿಯ ಚಿಕ್ಕ ಮಕ್ಕಳೂ ಬಲ್ಲರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಹೊರಬಿದ್ದು, ಅದರ ಬೆನ್ನಿಗೇ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದ ಮೇಲೆ ಈ ತಿಳಿವಳಿಕೆ ಮನೆಮಾತಾಗಿದೆ. ಹೀಗಿದ್ದರೂ ಸಂಡೂರು, ತೋರಣಗಲ್ಲಿನ ಕಡೆಯಿಂದ ಸಂಜೆ ಊರು ಸೇರುವ ಒಂದೊಂದು ಬೈಕೂ ತನ್ನ ಎರಡೂ ಗಾಲಿಗಳಿಗೆ ಕೆಂಪು ಅದಿರನ್ನು ಮೆತ್ತಿಕೊಂಡು ರಾಜಾರೋಷವಾಗಿ ಬರುತ್ತಿದೆ. ಅದನ್ನು ತೂಗುವವರಿಲ್ಲ, ರಾಜಧನ ಕೇಳುವವರಂತೂ ಇಲ್ಲವೇ ಇಲ್ಲ.

ಈ ಮಾಲನ್ನು ತೊಳೆದು ಶುದ್ಧೀಕರಿಸುವ ಘಟಕಗಳು ಪ್ರತಿ ಭಾನುವಾರ ಮನೆಮನೆಯ ಅಂಗಳದಲ್ಲೇ ಬಹಿರಂಗವಾಗಿ ನಡೆಯುತ್ತವೆ. ಘಟಕದ ಮಾಲೀಕನಾದ ಯುವಕನ ಕಾರ್ಯಕುಶಲತೆಯನ್ನು ಮೆಚ್ಚಲೇಬೇಕು. ಬಿಸಿಲಿಗೆ ಕಾದ ಗಾಲಿಗೆ ದ್ರವ ಹಾಕಿದರೆ ಅದು ಅಲ್ಲೇ ಒಣಗಿ ಕಲೆ ಕೂರುತ್ತದೆಂದು ಆತ ಗಾಡಿಯನ್ನು ನೆರಳಿಗೆ ತಂದು, ಗಾಲಿ ತಣ್ಣಗಾಗುವವರೆಗೆ ಕಾಯುತ್ತಾನೆ. ಒಣ ಬಟ್ಟೆಯಿಂದ ಉಜ್ಜಿದರೆ ಅದಿರಿನ ಹರಳುಗಳೇ ಗೀರು ಹಾಕುತ್ತವೆಂದು ಮೊದಲು ಧಾರಾಳವಾಗಿ ನೀರು ಬಿಡುತ್ತಾನೆ. ಮನೆಯ ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತೆಂದು ಒಳಗಿನಿಂದ ಕೇಳಿಬರುವ ಪ್ರಶ್ನೆ ಅವನ ಕಿವಿಗೆ ಬೀಳುವುದಿಲ್ಲ. ಆಮೇಲೆ ಬರುತ್ತದೆ ಕಬ್ಬಿಣದ ಕಣ ಕರಗಿಸುವ ದ್ರವದ ದುಬಾರಿ ಬಾಟಲಿ. ಅದರ ತಿಳಿದ್ರವ ಕಬ್ಬಿಣದ ಕಣಕ್ಕೆ ತಾಗಿದೊಡನೆ ನೇರಳೆ ಬಣ್ಣಕ್ಕೆ ತಿರುಗಿ, ಕೊಳೆತ ಮೊಟ್ಟೆಯ ವಾಸನೆ ಹರಡುತ್ತ ಕಡ್ಡಿಗಳ ಸಂದಿನಿಂದ ತೊಟ್ಟಿಕ್ಕತೊಡಗಿದಾಗ, ಅವನು ಹಳೆಯ ಟೂತ್‌ಬ್ರಶ್ಶನ್ನು ಎತ್ತಿ ಹಿಡಿದು, "ಯವ್ವಾ, ನೋಡ್ಬಾ ಇಲ್ಲಿ, ಎಷ್ಟು ಕಬ್ಬಿಣ ಐತಿ!" ಎಂದು ಕೂಗುತ್ತಾನೆ. ಅದೇ ಕಬ್ಬಿಣವನ್ನು ವಾರವಿಡೀ ಉಸಿರಾಡಿದ ತಾಯಿಗೆ ಆಶ್ಚರ್ಯವೇನೂ ಆಗುವುದಿಲ್ಲ. ಶ್ವಾಸಕೋಶಕ್ಕೆ ಅಂಥ ಬಾಟಲಿ ಇನ್ನೂ ಅಂಗಡಿಗೆ ಬಂದಿಲ್ಲ.

ಪಕ್ಕದ ಮನೆಯ ಹಿರಿಯರದು ಬೇರೆಯೇ ಸಂಪ್ರದಾಯ. ಹಿತ್ತಾಳೆ ದೀಪ ಬೆಳಗುವ ಪಾಲಿಶನ್ನೇ ಅವರು ಅಲಾಯ್ ಗಾಲಿಗೂ ತಿಕ್ಕುತ್ತಾರೆ. ಅದರ ಮೇಲೆ ಕಂಪನಿಯವರು ಬಳಿದ ಪಾರದರ್ಶಕ ಲೇಪವೊಂದಿದ್ದು, ಉಜ್ಜಿದಷ್ಟೂ ಸವೆಯುವುದು ಅದೇ ಎಂಬುದು ಅವರಿಗೆ ಗೊತ್ತಾಗುವ ಹೊತ್ತಿಗೆ ಬೆತ್ತಲಾದ ಅಲ್ಯೂಮಿನಿಯಂ ಮಂಕಾಗಿರುತ್ತದೆ. ಕ್ರೋಮ್ ರಿಮ್ಮಿನವರ ಪಾಡು ಇನ್ನೂ ಸ್ವಾರಸ್ಯಕರ. ತುಕ್ಕು ಹಿಡಿಯಬಾರದೆಂದು ಅವರು ಮೇಣ ಹಚ್ಚುತ್ತಾರೆ. ಆದರೆ ನಮ್ಮ ಹೆಮಟೈಟ್ ಅದಿರೇ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ಒಡಹುಟ್ಟು. ಬೇರೆ ಊರಿನಲ್ಲಿ ಗಾಲಿ ತಾನಾಗಿ ತುಕ್ಕು ಹಿಡಿಯಬೇಕು, ಇಲ್ಲಿ ಅದು ಸಿದ್ಧರೂಪದಲ್ಲಿ ಗಾಳಿಯ ಮೇಲೇರಿ ಬರುತ್ತದೆ.

ಧೂಳನ್ನು ಹುಟ್ಟುವಲ್ಲೇ ತಡೆಯಲು ತಾಡಪಾಲು ಎಂಬ ವಸ್ತುವಿದೆ. ಅದಿರಿನ ಲಾರಿಯ ಮೇಲೆ ಅದು ಮೂಲೆಯಲ್ಲಿ ಸುರುಳಿ ಸುತ್ತಿ ವಿಶ್ರಮಿಸುತ್ತಿದ್ದರೆ, ಮನೆಯೆದುರಿನ ಬೈಕು ಕನ್ನಡಿಯಿಂದ ಟೈರಿನವರೆಗೆ ಹೊದ್ದು ಮಲಗಿರುತ್ತದೆ. ಸಾಗಿಸುವವನ ಸರಕಿಗೆ ಹೊದಿಕೆಯಿಲ್ಲದೆ, ಮೈಮೇಲೆ ಬೀಳಿಸಿಕೊಳ್ಳುವವನೇ ಹೊದಿಕೆ ಕೊಳ್ಳಬೇಕಾದ ಈ ವ್ಯವಸ್ಥೆಯನ್ನು ಬದಲಿಸುವುದು ಕಷ್ಟಸಾಧ್ಯವೆಂದು ಸಂಬಂಧಪಟ್ಟವರು ಭಾವಿಸಿರುವುದರಿಂದ, ಬೈಕುಗಳಿಗೇ ಪರ್ಮಿಟ್ ನೀಡುವುದು ಸೂಕ್ತ. ಗಾಲಿಯನ್ನು ತೊಳೆಯುವ ಮುನ್ನ ತೂಗಬೇಕೋ ನಂತರ ತೂಗಬೇಕೋ, ಚರಂಡಿಗೆ ಹರಿದ ಕೆಂಪು ನೀರು ಯಾರ ಆಸ್ತಿ ಎಂಬ ತಕರಾರುಗಳನ್ನು ಸಮಿತಿಯೊಂದು ಪರಿಶೀಲಿಸಲಿ. ಅದರ ವರದಿ ಬರುವವರೆಗೆ ಯಾರೂ ಗಾಲಿ ಒರೆಸಕೂಡದು.