500 ಮೀಟರ್ ಆಚೆಯ ಶಾಂಪೂ

ತೀರ್ಥಕ್ಷೇತ್ರಗಳ ಹೊಳೆ, ಕೆರೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಅಂತ 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ಸೂಚನೆ ಕೊಟ್ಟಿದ್ದು ನಿಮಗೆ ಗೊತ್ತೇ ಇದೆ. ಒಳ್ಳೆಯದೇ ಆಯಿತು. 499ನೇ ಮೀಟರಿನಲ್ಲಿ ವಿಷವಾಗಿರುವ ಶಾಂಪೂ 501ನೇ ಮೀಟರಿನಲ್ಲಿ ತೀರ್ಥ. ಟೇಪು ಹಿಡಿದು ಅಳೆಯುವವರು ಯಾರು ಅಂತ ಕೇಳಬೇಡಿ. ಹೊಳೆ ಮಳೆಗಾಲದಲ್ಲಿ ದಡ ಹತ್ತುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಪಾಪ, ಗೂಡಂಗಡಿಯವನು ಅಂಗಡಿಗೆ ಗಾಲಿ ಕಟ್ಟಿಸಿಕೊಳ್ಳಬೇಕು ಅಷ್ಟೇ.

ಸಮುದ್ರ ದೂರವಾದ ಮೈಸೂರು, ಬೆಂಗಳೂರಿನವರಿಗೆ ಕಾವೇರಿ ದಡದ ತಲಕಾಡೇ ಬೀಚು. ಮರಳು, ಮೊಣಕಾಲುದ್ದ ನೀರು, ತೆಪ್ಪ, ಉಪ್ಪುಖಾರ ಹಚ್ಚಿದ ಮಾವಿನಕಾಯಿ. ಸಿಹಿನೀರು ನೋಡಿ, ಮನೆಗೆ ಹೋಗಿ ಮತ್ತೆ ಸ್ನಾನ ಮಾಡಬೇಕಿಲ್ಲ ಅಂತ ಮೊದಲು ಹೇಳುತ್ತಿದ್ದರು. ಈಗ ಯಾರೂ ಹೇಳುವುದಿಲ್ಲ.

ಸುಮ್ನೆ ದಡದಲ್ಲಿ ಕೂತು ನೋಡಿ. ಒದ್ದೆ ಕೈಗೆ ಶಾಂಪೂ ಪೊಟ್ಟಣ ಜಾರುತ್ತದೆ. ಹಲ್ಲಲ್ಲಿ ಕಚ್ಚಿ ಮೂಲೆ ಕಿತ್ತು ತೂ ಅಂತ ಉಗಿಯುತ್ತಾರೆ. ಪೊಟ್ಟಣವನ್ನಾದರೂ ಹೆಕ್ಕಬಹುದು, ಮರಳಿನಲ್ಲಿ ಸೇರಿದ ಆ ಮೂಲೆಯನ್ನು ಹೆಕ್ಕುವ ಸ್ವಚ್ಛತಾ ಅಭಿಯಾನ ಇನ್ನೂ ಹುಟ್ಟಿಲ್ಲ. ಅಭಿಯಾನಕ್ಕೆ ಬಂದವರಿಗೆ ಟೋಪಿ, ಟೀ ಶರ್ಟು, ನೀರಿನ ಬಾಟಲಿ ಕೊಡುತ್ತಾರೆ. ಬಾಟಲಿ ಅಲ್ಲೇ ಉಳಿಯುತ್ತದೆ.

ಇನ್ನು ಬಟ್ಟೆ. ಮುಳುಗೆದ್ದು ಉಟ್ಟ ಬಟ್ಟೆ ಹೊಳೆಗೆ ಬಿಟ್ಟರೆ ಪಾಪವೂ ಹೋಗುತ್ತದಂತೆ. ಹೊಸ ರೇಷ್ಮೆ ಸೀರೆ ಬಿಟ್ಟವರನ್ನು ನಾನಂತೂ ಕಂಡಿಲ್ಲ. ಬಿಡುವುದೆಲ್ಲ ತೂತುಬಿದ್ದ ಬನಿಯನ್, ಎಲಾಸ್ಟಿಕ್ ಸತ್ತ ಚಡ್ಡಿ. ಅಷ್ಟಕ್ಕೇ ತೀರುವ ಪಾಪ ಅದೆಷ್ಟು ಬಡಪಾಯಿ ಪಾಪವೋ! ಆ ಬಟ್ಟೆ ಕಲ್ಲಿಗೆ ಸುತ್ತಿಕೊಂಡು ಕೊನೆಗೆ ತೆಪ್ಪದವನ ಹುಟ್ಟಿಗೆ ಸಿಗುತ್ತದೆ. ನಿಮ್ಮ ಪಾಪ ಬಿಡಿಸುವುದು ಅವನ ಕರ್ಮ.

ಇನ್ನೊಂದು 500 ಇದೆ. ಮೀಯುವ ನೀರಿನಲ್ಲಿ, 100 ಮಿಲಿಲೀಟರಿಗೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ದಾಟಬಾರದು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಅದೇ ಮಂಡಳಿಯ 2018ರ ಮಲಿನ ನದಿಗಳ ಪಟ್ಟಿಯಲ್ಲಿ ನಂಜನಗೂಡಿನ ಕಬಿನಿಯೂ ಇತ್ತು. ಆ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿ ಸೇರಿ ನೇರ ಬರುವುದು ತಲಕಾಡಿಗೇ. ಗೂಡಂಗಡಿಯವನನ್ನು ಗದರಿದರೆ ಓಡುತ್ತಾನೆ. ಚರಂಡಿಯನ್ನು ಗದರಿಸಿ ನೋಡೋಣ.

ಅಂದ ಹಾಗೆ ಅಲಮೇಲಮ್ಮ. ಮೈಸೂರು ಅರಸರ ಮೇಲಿನ ಸಿಟ್ಟಿಗೆ ಹೊಳೆಗೆ ಹಾರುವ ಮುನ್ನ ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಅಂತ ಶಾಪ ಹಾಕಿದಳಂತೆ. ದೊರೆಗೆ ಮಕ್ಕಳಾಗದಿರಲಿ ಅನ್ನುವ ಮೂರನೇ ಸಾಲು ಅರಮನೆಯವರ ಮನೆ ವಿಚಾರ, ನಮಗೆ ಬೇಡ. ನಾನೂರು ವರ್ಷದಿಂದ ಕೂತಿದ್ದ ಆ ಶಾಪಕ್ಕೆ ಕೈಹಾಕುವ ಧೈರ್ಯ ಬಂದಿದ್ದು ಮರಳು ದಂಧೆಯವರಿಗೆ ಮಾತ್ರ. ರಾತ್ರೋರಾತ್ರಿ ಹೊಳೆಯ ಮರಳೆತ್ತಿ ಮೊದಲನೇ ಸಾಲನ್ನು ಲಾರಿಗೆ ತುಂಬಿದರು, ಎರಡನೇ ಸಾಲನ್ನು ಕಾವೇರಿಯ ಉದ್ದಕ್ಕೂ ಜಾರಿಗೆ ತಂದರು. ಮಾಲಂಗಿಗೊಂದೇ ಮಡು ಯಾಕೆ, ಅಲ್ವಾ? ಜೆಸಿಬಿ ಇಲ್ಲದ ಕಾಲದ ಹೆಂಗಸು, ಅವಳ ಕೈಲಿ ಆಗಿದ್ದು ಅಷ್ಟೇ.

ಮರಳೆತ್ತಿದ ಆ ಗುಂಡಿ ಮೇಲಿಂದ ಕಾಣುವುದಿಲ್ಲ. ಮೊಣಕಾಲುದ್ದ ನೀರು ಅಂತ ಇಳಿದ ಹುಡುಗ ಮುಂದಿನ ಹೆಜ್ಜೆಗೆ ಇಲ್ಲ. ಅವನನ್ನು ಹಿಡಿಯಲು ಹೋದ ಅಣ್ಣನೂ ಇಲ್ಲ. ಪ್ರತಿ ಬೇಸಿಗೆಯೂ ಇದೇ ಸುದ್ದಿ, ಮಾರನೇ ದಿನ ‘ಈಜುವುದು ಅಪಾಯ’ ಅನ್ನುವ ಬೋರ್ಡು. ಬೋರ್ಡು ಈಜುತ್ತದೆಯೇ? ಇಲ್ಲಿಂದ ಆಚೆ ಹೋಗಬೇಡಿ ಅಂತ ಒಂದು ಹಗ್ಗ ಕಟ್ಟಲು ಎಷ್ಟು ಕಡತ ಓಡಾಡಬೇಕು? ಹೆಣ ಹುಡುಕಲು ಮಾತ್ರ ಅದೇ ಊರಿನ ತೆಪ್ಪದವರು, ಈಜು ಬಲ್ಲ ಅದೇ ಹುಡುಗರು ಬೇಕು. ಅವತ್ತು ಓಡಿಬಂದು ಕರೆಯುತ್ತೀರಲ್ಲ, ದಡ ಕಾಯಲು ಶಾಲೆಗೆ ರಜೆ ಬಿಟ್ಟ ದಿನವೇ ಕರೆಯಿರಿ. ಸಂಬಳ ಕೊಟ್ಟು.